ಹತ್ತು ಕಿಲೋಮೀಟರ್ ಓಡಿದವನಿಗೆ ಐವತ್ತರ ಆಸೆ

ಕಳೆದ ಮಳೆಗಾಲದಲ್ಲಿ 27 ವರ್ಷದ ಯುವಕನೊಬ್ಬ ತಾಯಿಯ ಜೊತೆ ನನ್ನ ದವಾಖಾನೆಗೆ ಬಂದ. ಎಡ ಕಣಕಾಲಿನ ಮೂಳೆಯ ಒಳಬದಿಯಲ್ಲಿ ನೋವು. ಓಟ ಆರಂಭಿಸಿ ಏಳು ತಿಂಗಳಷ್ಟೇ ಆಗಿತ್ತು. ಫಜ್ರ್ ನಮಾಝ್ ಮುಗಿಸಿ ಮೈದಾನಕ್ಕೆ ಎರಡು ಸುತ್ತು ಎಂದು ಶುರುವಾದದ್ದು 5 ಕಿ.ಮೀ., 10 ಕಿ.ಮೀ. ಆಗಿ, ಆರನೇ ತಿಂಗಳಲ್ಲಿ 21 ಕಿ.ಮೀ.ಗೆ ಮುಟ್ಟಿತ್ತು. ಹೊಟ್ಟೆ ಕರಗಿತ್ತು, ನಿದ್ರೆ ಚೆನ್ನಾಗಿತ್ತು. ಈಗ ಗೆಳೆಯರೊಂದಿಗೆ 50 ಕಿ.ಮೀ. ಬೆಟ್ಟದ ಓಟಕ್ಕೆ ಹೆಸರು ಕೊಟ್ಟಿದ್ದ. "ಈ ಹುಚ್ಚು ಬಿಡಿಸಿ ಡಾಕ್ಟ್ರೇ" ಎಂದು ತಾಯಿ, "ಓಟದ ದಿನದೊಳಗೆ ನೋವು ಹೋದರೆ ಸಾಕು" ಎಂದು ಮಗ. ಇಬ್ಬರ ಮಾತನ್ನೂ ನಾನು ಒಪ್ಪಲಿಲ್ಲ.

ಮ್ಯಾರಥಾನ್ ಎಂದರೆ 42.195 ಕಿ.ಮೀ. ಅದನ್ನು ಮೀರಿದ್ದೆಲ್ಲ ಅಲ್ಟ್ರಾ ಮ್ಯಾರಥಾನ್. ದಕ್ಷಿಣ ಆಫ್ರಿಕಾದಲ್ಲಿ 1921ರಲ್ಲಿ ಆರಂಭವಾದ ಕಾಮ್ರೇಡ್ಸ್ ಓಟ ಸುಮಾರು 90 ಕಿ.ಮೀ. ಯುರೋಪಿನ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಓಟ ಸುಮಾರು 170 ಕಿ.ಮೀ.; ಅದು 2003ರಲ್ಲಿ ಶುರುವಾಯಿತು. ನಮ್ಮಲ್ಲೂ ಮಲೆನಾಡಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಇದರ ಸೆಳೆತ ನನಗೆ ಅರ್ಥವಾಗುತ್ತದೆ. ಡಾಂಬರು ರಸ್ತೆಯಲ್ಲಿ ಗಡಿಯಾರವೇ ಯಜಮಾನ. ಕಾಡುದಾರಿಯಲ್ಲಿ ಏರು ಬಂದರೆ ಎಲ್ಲರೂ ನಡೆಯುತ್ತಾರೆ, ನಡುವೆ ನಿಂತು ತಿನ್ನುತ್ತಾರೆ, ಹಿಂದೆ ಉಳಿದವನನ್ನು ಕೈಹಿಡಿದು ಕರೆದೊಯ್ಯುತ್ತಾರೆ. ಮೊಬೈಲ್ ಬಿಟ್ಟು ಯುವಕರು ಅಲ್ಲಿಗೆ ಹೋಗುವುದಾದರೆ ತಾಯಂದಿರು ದುಃಖಿಸಬೇಕಾಗಿಲ್ಲ. ಇಂಬಳಗಳ ಕಾಟ ಒಂದುಂಟು. ಯುನಾನಿಯಲ್ಲಿ ನಾವು ಜಿಗಣೆ ಹಚ್ಚಲು ಹಣ ಪಡೆಯುತ್ತೇವೆ, ಅಲ್ಲಿ ಅದರ ನೆಂಟರು ಪುಕ್ಕಟೆಯಾಗಿ ಹತ್ತುತ್ತವೆ!

ತೊಂದರೆ ಇರುವುದು ಆಸೆಯಲ್ಲಲ್ಲ, ಅವಸರದಲ್ಲಿ. ಓಡಲು ತೊಡಗಿದ ಕೆಲವೇ ವಾರಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯದ ಬಡಿತ ಹದಕ್ಕೆ ಬರುತ್ತದೆ, ಉಬ್ಬಸ ಕಡಿಮೆಯಾಗುತ್ತದೆ. ನಾನು ಸಿದ್ಧನಾದೆ ಎಂದು ಮನಸ್ಸು ಹೇಳುವುದು ಆಗಲೇ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ನಂತರ ಹೊಸದನ್ನು ತುಂಬುತ್ತದೆ. ಈ ರಿಪೇರಿಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಡುವಿನ ಅವಧಿಯಲ್ಲಿ ಅದು ಮೊದಲಿಗಿಂತ ತುಸು ದುರ್ಬಲ. ಆಗ ದೂರ ಹೆಚ್ಚಿಸಿದರೆ ಕೂದಲೆಳೆಯ ಬಿರುಕು ಬೀಳಬಹುದು. ಬೆಟ್ಟದಲ್ಲಿ ಏರಿಗಿಂತ ಇಳಿಜಾರು ಹೆಚ್ಚು ಪೆಟ್ಟು ಕೊಡುತ್ತದೆ. ದೇಹವನ್ನು ತಡೆಯುತ್ತಲೇ ತೊಡೆಯ ಮಾಂಸಖಂಡ ಹಿಗ್ಗಬೇಕಾಗುತ್ತದೆ. ಎರಡು ಮೂರು ದಿನ ಮೆಟ್ಟಿಲು ಇಳಿಯಲಾಗದ ನೋವು ಅದರಿಂದಲೇ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ದಿನ ನಾನು ಅದನ್ನು ಮಾಂಸಖಂಡದ ಸೆಳೆತವೆಂದು ತಿಳಿದು ರೋಗನ್-ಎ-ಬಾಬೂನಾ ಎಣ್ಣೆಯ ಮಾಲೀಶು ಹೇಳಿ ಕಳಿಸಿದೆ. ವಾರದ ಬಳಿಕ ಅವನು ಕುಂಟುತ್ತಾ ಬಂದ. ಒಂದೇ ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತಾ ಹೋದಾಗ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಚೀರಿದ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆರಂಭದ ವಾರಗಳಲ್ಲಿ ಈ ಬಿರುಕು ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯ. ಮೂಳೆ ತಜ್ಞರಲ್ಲಿಗೆ ಕಳಿಸಿದಾಗ ಎಂಆರ್‌ಐಯಲ್ಲಿ ಗೊತ್ತಾಯಿತು. ನೋವು ಒಂದೇ ಬಿಂದುವಿನಲ್ಲಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಎಣ್ಣೆ ಹಚ್ಚುತ್ತಾ ಕೂರಬೇಡಿ.

ವ್ಯಾಯಾಮವನ್ನು ಯುನಾನಿಯಲ್ಲಿ ರಿಯಾಝತ್ ಎನ್ನುತ್ತೇವೆ. ಅದರ ಅಳತೆಯನ್ನು ಇಬ್ನ್ ಸೀನಾ ಅಲ್-ಕಾನೂನ್‌ನಲ್ಲಿ ದೂರದಿಂದಲ್ಲ, ದೇಹದ ಲಕ್ಷಣದಿಂದ ಹೇಳಿದ್ದಾರೆ. ಮುಖದ ಬಣ್ಣ ಕಳೆಗಟ್ಟುತ್ತಾ, ಕೈಕಾಲು ಹಗುರವಾಗಿ ಆಡುವವರೆಗೆ ಮುಂದುವರಿಸಬಹುದು, ಅವು ಇಳಿಮುಖವಾದಾಗ ನಿಲ್ಲಿಸಬೇಕು. ಅಲ್ಟ್ರಾ ಓಟ ಈ ಗೆರೆಯನ್ನು ದಾಟಿಯೇ ನಡೆಯುವಂಥದ್ದು. ಆದ್ದರಿಂದ ಅದನ್ನು ಆರೋಗ್ಯದ ಮದ್ದೆಂದು ನಾನು ಯಾರಿಗೂ ಬರೆದುಕೊಡಲಾರೆ. ಆರೋಗ್ಯಕ್ಕೆ ದಿನದ ಅರ್ಧ ಗಂಟೆ ಸಾಕು. ಅಲ್ಟ್ರಾ ಒಂದು ಸಾಹಸ, ಸಾಹಸಕ್ಕೆ ತಕ್ಕ ತಯಾರಿ ಬೇಕು. ಕನಿಷ್ಠ ಒಂದು ವರ್ಷ ತಪ್ಪದೆ ಓಡಿದ ಮೇಲೆ 50ರ ಯೋಚನೆ. ಮೂರು ವಾರ ದೂರ ಏರಿಸಿ ನಾಲ್ಕನೇ ವಾರ ಇಳಿಸಬೇಕು. ಓಡುವ ಹೆಣ್ಣುಮಕ್ಕಳು ಊಟ ಕಡಿಮೆ ಮಾಡಿ ಮುಟ್ಟು ಮೂರು ತಿಂಗಳು ನಿಂತರೆ ಮೂಳೆ ಸವೆಯುತ್ತದೆ. ನಾಚಿಕೆಯಿಂದ ಇದನ್ನು ಮುಚ್ಚಿಡುವ ಮನೆಗಳೇ ಹೆಚ್ಚು.

ನೀರಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆಯಿದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ಇಳಿದಿತ್ತು. ಅವರಲ್ಲಿ ಹೆಚ್ಚಿನವರದು ನೀರಿನ ಕೊರತೆಯಲ್ಲ, ಬೆವರಿದ್ದಕ್ಕಿಂತ ಹೆಚ್ಚು ಕುಡಿದ ಪರಿಣಾಮ. ಬಾಯಾರಿದಾಗ ಕುಡಿಯಿರಿ. ತಲೆನೋವು, ವಾಂತಿ, ಗೊಂದಲದ ಮಾತು ಬಂದರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಓಟದ ದಿನ ಐಬುಪ್ರೊಫೆನ್, ಡಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೇಡ, ಬೆವರಿ ಒಣಗಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಏಟು ಕೊಡುತ್ತವೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಾಂಸಖಂಡ ಒಡೆದು ರಕ್ತಕ್ಕೆ ಸೇರುತ್ತಿರುವ ಲಕ್ಷಣವದು. ಚಳಿಯನ್ನೂ ಮರೆಯಬೇಡಿ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸುವಿನಲ್ಲಿ 100 ಕಿ.ಮೀ. ಬೆಟ್ಟದ ಓಟದ ನಡುವೆ ಆಲಿಕಲ್ಲು ಮಳೆ, ಬಿರುಗಾಳಿ ಬೀಸಿ 21 ಮಂದಿ ತೀರಿಕೊಂಡರು. ಗಾಳಿ ತಡೆಯುವ ಜಾಕೆಟ್ ಚೀಲದಲ್ಲಿರಲಿ.

ರಮಝಾನ್‌ನಲ್ಲಿ ಉದ್ದದ ಓಟ ಬೇಡ. ಇಫ್ತಾರ್‌ಗೆ ಅರ್ಧ ಗಂಟೆ ಮೊದಲು ನಿಧಾನ ಓಟ, ಅಥವಾ ತರಾವೀಹ್ ಬಳಿಕ ಸ್ವಲ್ಪ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಅದನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು.

ಆ ಹುಡುಗ ಹನ್ನೆರಡು ವಾರ ಓಡಲಿಲ್ಲ. ಮೊದಲು ಕಾಲಿಗೆ ವಿಶ್ರಾಂತಿ, ಬಳಿಕ ಈಜು, ಆಮೇಲೆ ನಡಿಗೆ. ನಡೆಯುವಾಗ ಜೊತೆಗೆ ತಾಯಿಯೂ ಹೊರಟರು. ಅವರ ಮೊಣಕಾಲು ನೋವಿಗೆ ನಾನು ಎರಡು ವರ್ಷದಿಂದ ನಡೆಯಿರಿ ಎನ್ನುತ್ತಿದ್ದೆ, ಕೇಳಿರಲಿಲ್ಲ. ಕಳೆದ ತಿಂಗಳು ಅವನು 10 ಕಿ.ಮೀ. ನೋವಿಲ್ಲದೆ ಓಡಿದ. ಬಂದವನೇ ಕೇಳಿದ್ದು, "50 ಯಾವಾಗ?" ಮುಂದಿನ ಮಳೆಗಾಲ ಕಳೆಯಲಿ ಎಂದೆ. ತಾಯಿ ಏನೂ ಹೇಳಲಿಲ್ಲ, ದಾರಿಯಲ್ಲಿ ತಿನ್ನಲು ಖರ್ಜೂರ ಎಷ್ಟು ಕಟ್ಟಿಕೊಡಬೇಕು ಎಂದಷ್ಟೇ ಕೇಳಿದರು.