ಗೋಮಾಳದ ಮರಗಳು ಮತ್ತು ನೆಲದ ಉಷ್ಣತೆ

ಬೇಸಿಗೆಯ ಮಧ್ಯಾಹ್ನ ಗೋಮಾಳಕ್ಕೆ ಬಿಟ್ಟ ದನಗಳು ಹುಲ್ಲನ್ನು ಬಿಟ್ಟು ಮರದ ಬುಡಕ್ಕೆ ಸೇರುವುದು ಎಲ್ಲ ರೈತರೂ ಕಂಡ ಸಂಗತಿ. ಇದಕ್ಕೆ ನೆಲದ ಮೈಶಾಖವೂ ಮುಖ್ಯ ಕಾರಣ. ಹವಾಮಾನ ವರದಿಯಲ್ಲಿ ಹೇಳುವ ಉಷ್ಣತೆಯು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ನೆರಳಿನಲ್ಲಿ ಅಳೆದ ಗಾಳಿಯದು. ಗಾಳಿ 38° ಸೆಂ. ಇದ್ದಾಗ ಬರಿದಾದ ಒಣ ಮಣ್ಣಿನ ಮೈ 55° ಸೆಂ. ಮೀರಬಹುದು.

ಮರ ತಂಪು ಮಾಡುವ ಬಗೆ

ಮೊದಲನೆಯದಾಗಿ, ಮರದ ತಲೆ ಬಿಸಿಲನ್ನು ತಡೆಯುತ್ತದೆ. ಎರಡನೆಯದಾಗಿ, ಎಲೆಗಳಿಂದ ನೀರು ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋ ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖದಿಂದ ಏಳು ಲೀಟರ್ ತಣ್ಣೀರನ್ನು ಕುದಿಸಬಹುದು. ಮಾರ್ಚಿ-ಏಪ್ರಿಲ್ ವೇಳೆಗೆ ಮೇಲ್ಮಣ್ಣು ಒಣಗಿ ಹುಲ್ಲು ಬಾಡಿರುವುದರಿಂದ ಅದು ಈ ಕೆಲಸ ಮಾಡಲಾರದು. ಆಳಕ್ಕೆ ಬೇರು ಬಿಟ್ಟ ಮರ ಮಾತ್ರ ಮಾಡಬಲ್ಲದು.

ರಾತ್ರಿಯಲ್ಲಿ ಇದು ತಿರುಗುಮುರುಗಾಗುತ್ತದೆ. ಬಯಲು ನೆಲ ಶಾಖವನ್ನು ಬೇಗ ಬಿಟ್ಟು ತಣಿಯುತ್ತದೆ. ಮರದ ಕೆಳಗಿನ ನೆಲ ತುಸು ಬೆಚ್ಚಗಿರುತ್ತದೆ. ಅಂದರೆ ಮರವು ಹಗಲಿನ ಸುಡುವಿಕೆ, ಇರುಳಿನ ಚಳಿ ಎರಡನ್ನೂ ತಗ್ಗಿಸುತ್ತದೆ.

ರೈತರೇ ಪರೀಕ್ಷಿಸಬಹುದು

ಮಧ್ಯಾಹ್ನ ಎರಡು ಗಂಟೆಗೆ ಮಣ್ಣಿನ ಉಷ್ಣಮಾಪಕವನ್ನು ಮರದ ಕೆಳಗೂ ಬಯಲಿನಲ್ಲೂ ಒಂದೇ ಆಳಕ್ಕೆ, ಅರ್ಧ ಅಂಗುಲದಷ್ಟು, ಊರಿ ನೋಡಬೇಕು. 2013ರಲ್ಲಿ ಉಡಾಯಿಸಿದ ಲ್ಯಾಂಡ್‌ಸ್ಯಾಟ್ 8ರಂಥ ಉಪಗ್ರಹಗಳೂ ನೆಲದ ಶಾಖವನ್ನು ಅಳೆಯುತ್ತವೆ. ಆದರೆ ಮರ ದಟ್ಟವಾಗಿರುವಲ್ಲಿ ಅವಕ್ಕೆ ಕಾಣುವುದು ಮರದ ತಲೆಯ ಶಾಖವೇ ಹೊರತು ಕೆಳಗಿನ ಮಣ್ಣಿನದಲ್ಲ.

ಎಷ್ಟು ಮರ, ಯಾವ ಮರ?

ನೆರಳು ಹೆಚ್ಚಾದರೆ ಹುಲ್ಲು ಸೊರಗುತ್ತದೆ. 10 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 40 ಮರಗಳಾಗುತ್ತವೆ. ಅವು ಬೆಳೆದು ತಲೆಗಳು ಕೂಡಿಕೊಂಡಾಗ ಕೊಂಬೆ ಸವರಬೇಕು ಅಥವಾ ಕೆಲವನ್ನು ತೆಗೆಯಬೇಕು. ಸಾಲುಗಳು ಉತ್ತರ-ದಕ್ಷಿಣವಾಗಿದ್ದರೆ ನೆರಳು ದಿನವಿಡೀ ಸರಿಯುತ್ತದೆ. ಹುಲ್ಲಿಗೆ ಬಿಸಿಲು ಸಿಗುತ್ತದೆ, ಸಗಣಿಯೂ ಒಂದೇ ಕಡೆ ಬೀಳುವುದಿಲ್ಲ. ಬೇಸಿಗೆಯಲ್ಲಿ ಹೊಸ ಚಿಗುರು ತಾಳುವ ಬೇವು, ಹೊಂಗೆ, ಕಮ್ಮರ ಸೂಕ್ತ. ಬಳ್ಳಾರಿ ಜಾಲಿ ಹಬ್ಬಿ ಹುಲ್ಲನ್ನು ನುಂಗುವುದರಿಂದ ಬೇಡ. ಸಸಿಗಳು ದನದ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೆ ಮುಳ್ಳುಬೇಲಿ ಕಟ್ಟಬೇಕು.

ಬಿಸಿಲಿನಿಂದ ಬಳಲಿದ ಹಸು ಮೇವು ಕಡಿಮೆ ತಿನ್ನುತ್ತದೆ, ಹಾಲೂ ಇಳಿಯುತ್ತದೆ. ಮಿಶ್ರತಳಿಗಳಲ್ಲಿ ಈ ತೊಂದರೆ ಹೆಚ್ಚು. ಸೌದೆಗೆಂದು ಗೋಮಾಳದ ಒಂದು ಹಳೆಯ ಮರ ಕಡಿಯುವುದು ಒಂದು ದಿನದ ಕೆಲಸ. ಅಷ್ಟೇ ನೆರಳನ್ನು ಮತ್ತೆ ಪಡೆಯಲು ಹತ್ತಾರು ವರ್ಷ ಬೇಕು. ಊರಿನವರು ಇದನ್ನು ಮನಗಂಡು, ಇರುವ ಮರಗಳನ್ನು ಉಳಿಸಿಕೊಂಡು ಮುಂಗಾರಿನಲ್ಲಿ ಹೊಸ ಸಸಿ ನೆಡುವುದು ಲೇಸು.