ಓದಲು ಬಾರದವರಿಗೆ ಎಲ್ಲಿಂದ ಹೇಳಿಕೊಡಬೇಕು?



ಮೊದಲು ನನ್ನದೇ ವಿಷಯ ಹೇಳುತ್ತೇನೆ, ಯಾರೂ ನಗಬೇಡಿ. ನಾಲ್ಕನೇ ತರಗತಿಗೆ ಬರುವವರೆಗೂ ನನಗೆ ಓದಲು ಬರುತ್ತಿರಲಿಲ್ಲ. ಎರಡನೇ ತರಗತಿಯಲ್ಲಿದ್ದಾಗ ಕೊರೋನಾದಿಂದ ಶಾಲೆ ಮುಚ್ಚಿತ್ತು. ಆಮೇಲೆ ಅಕ್ಕ ಓದುವುದನ್ನು ಕೇಳಿ ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಗಡಗಡ ಹೇಳಿಬಿಡ್ತಿದ್ದೆ. ಒಂದು ದಿನ ಅಕ್ಕ ಪಾಠದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು "ಇದೇನೇ?" ಅಂದಳು. ಅವತ್ತು ನನ್ನ ಕಳ್ಳತನ ಸಿಕ್ಕಿಬಿತ್ತು.

2022-23ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ನಡೆಯಿತು. ಶಾಲೆ ಮುಚ್ಚಿದ್ದಾಗ ತಪ್ಪಿಹೋದದ್ದನ್ನು ಮೊದಲು ಕಲಿಸುವುದು ಅದರ ಉದ್ದೇಶ. ನನಗೆ ಮತ್ತೆ ಕಾಗುಣಿತದಿಂದ ಶುರುವಾಯಿತು. ನಾಚಿಕೆ ಆಯ್ತು, ಆದರೆ ಓದು ಬಂತು.

ಈ ಉಪಾಯ ಮೊದಲೇ ಇತ್ತು ಎಂದು ಸರ್ ಹೇಳಿದರು. ಪ್ರಥಮ್ ಎಂಬ ಸಂಸ್ಥೆ ಮುಂಬೈ ಮತ್ತು ವಡೋದರಾ ನಗರಗಳ ಶಾಲೆಗಳಲ್ಲಿ ಬಾಲಸಖಿ ಎಂಬ ಕೆಲಸ ಮಾಡಿತ್ತು. ಅದೇ ಊರಿನ ಒಬ್ಬ ಅಕ್ಕ, ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದಳು. 2001ರಿಂದ 2003ರವರೆಗೆ ಇದನ್ನು ಪರೀಕ್ಷಿಸಿ ನೋಡಿದಾಗ ಬಾಲಸಖಿ ಇದ್ದ ಕಡೆ ಮಕ್ಕಳು ಹೆಚ್ಚು ಕಲಿತಿದ್ದರು. ಪರೀಕ್ಷಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು. ಇವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಯಾರಿಗೆ ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ? 2005ರಲ್ಲಿ ಶುರುವಾದ ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಗೇ ಹೋಗಿ ಒಬ್ಬೊಬ್ಬರನ್ನೇ ಓದಿಸಿ ನೋಡುತ್ತಾರೆ. ಮೊದಲು ಒಂದನೇ ತರಗತಿ ಮಟ್ಟದ ನಾಲ್ಕು ಸಾಲು. ಓದಿದರೆ ಎರಡನೇ ತರಗತಿ ಮಟ್ಟದ ಕಥೆ. ತಡವರಿಸಿದರೆ ಐದು ಪದ, ಅದರಲ್ಲಿ ನಾಲ್ಕು ಸರಿ ಇರಬೇಕು. ಅದೂ ಬರದಿದ್ದರೆ ಅಕ್ಷರ. ಒಬ್ಬೊಬ್ಬರನ್ನೇ ಕೇಳುವುದು ಮುಖ್ಯ. ಎಲ್ಲರೂ ಒಟ್ಟಿಗೆ ಓದುವಾಗ ಬಾರದವರು ಸುಮ್ಮನೆ ಬಾಯಿ ಆಡಿಸುತ್ತಾರೆ, ನನಗೆ ಚೆನ್ನಾಗಿ ಗೊತ್ತು!

ಈಗ ನಾನು ನಮ್ಮ ಬೀದಿಯ ನಾಲ್ಕನೇ ತರಗತಿ ಹುಡುಗನಿಗೆ ಸಂಜೆ ಹೇಳಿಕೊಡುತ್ತಿದ್ದೇನೆ. ಹೆಸರು ಬರೆಯಲ್ಲ, ಅವನೂ ಈ ಗೋಡೆ ಮುಂದೆ ನಿಲ್ಲುತ್ತಾನೆ. ಅವನಿಗೆ ಮರ, ಸರ, ಮನೆ, ಕೋಳಿ ಎಲ್ಲ ಬರುತ್ತೆ. ಅಕ್ಕ, ಬೆಟ್ಟ ಕೂಡ ಬರುತ್ತೆ, ಅದೇ ಅಕ್ಷರಕ್ಕೆ ಅದೇ ಒತ್ತು. "ಪುಸ್ತಕ" ಬಂದರೆ ತಡವರಿಸುತ್ತಾನೆ. "ಸೂರ್ಯ" ಬಂದರೆ "ಸೂಯ..." ಎಂದು ನಿಂತೇಬಿಡುತ್ತಾನೆ. ಯೋಚಿಸಿ ನೋಡಿದರೆ ಅವನದು ತಪ್ಪಲ್ಲ. ಒಂಬತ್ತರ ಅಂಕಿಯಂತಿರುವ ಅರ್ಕಾವೊತ್ತನ್ನು "ಯ" ಆದ ಮೇಲೆ ಬರೆಯುತ್ತೇವೆ, ಆದರೆ "ರ್" ಅನ್ನು ಮೊದಲು ಹೇಳುತ್ತೇವೆ. ಕಣ್ಣು ಕಂಡಂತೆ ಓದಿದರೆ ತಪ್ಪಾಗುತ್ತೆ! ಅದಕ್ಕೆ ಸೂರ್ಯ, ಕಾರ್ಯ, ವರ್ಷ, ಪರ್ವತ ಇವನ್ನಷ್ಟೇ ಚೀಟಿಯಲ್ಲಿ ಬರೆದು ಒಂದು ವಾರ ಆಡಿಸಿದೆ.

ಒಂದು ದಿನ ಸಿಟ್ಟು ಬಂದು "ಇಷ್ಟೂ ಬರಲ್ವೇನೋ?" ಅಂದುಬಿಟ್ಟೆ. ಮೂರು ದಿನ ಅವನು ಬರಲಿಲ್ಲ. ನನಗೂ ಹಾಗೇ ಅಂದಿದ್ದರು, ಮರೆತೇಬಿಟ್ಟಿದ್ದೆ. ನಾಲ್ಕನೇ ದಿನ ನಾನೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆ. ಈಗ "ವರ್ಷ" ತಡೆಯಿಲ್ಲದೆ ಓದುತ್ತಾನೆ. "ರಾಷ್ಟ್ರ" ಇನ್ನೂ ಆಗಿಲ್ಲ.

ನಿಮ್ಮ ಮನೆಯಲ್ಲಿ ಖಾಲಿ ಬೆಂಕಿಪೊಟ್ಟಣ ಇದ್ದರೆ ತಂದುಕೊಡಿ. ಪದಗಳ ಚೀಟಿ ಬೇರೆ ಬೇರೆ ಇಡಲು ಬೇಕು.