ಯೀಸ್ಟಿನ ಕಿಣ್ವಗಳೂ ಅವುಗಳ ಜೀನುಗಳೂ

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟನ್ನು ನಮ್ಮ ವಾಚಕರು ಬಲ್ಲರು. ಅದು ಒಂದೇ ಜೀವಕೋಶವುಳ್ಳ ಅತಿ ಸಣ್ಣ ಜೀವಿ. ಆ ಕೋಶದೊಳಗೆ ರಸದಾನಿಯೆಂಬ ಒಂದು ಚೀಲವುಂಟು. ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಕತ್ತರಿಸುವ ಕಿಣ್ವಗಳು ಅದರಲ್ಲಿರುವುವು. ಇವುಗಳಲ್ಲಿ ಪ್ರೋಟೀನೇಸ್ ಎ, ಪ್ರೋಟೀನೇಸ್ ಬಿ, ಕಾರ್ಬಾಕ್ಸಿಪೆಪ್ಟಿಡೇಸ್ ವೈ ಎಂಬ ಮೂರು ಮುಖ್ಯವಾದುವು. ಕಿಣ್ವವನ್ನು ರಚಿಸುವ ವಿಧಾನವು ಜೀನಿನಲ್ಲಿ ಅಡಗಿರುವುದು. ಹಾಗಾದರೆ ಯಾವ ಕಿಣ್ವಕ್ಕೆ ಯಾವ ಜೀನು ಎಂಬುದನ್ನು ಅರಿಯುವ ಬಗೆ ಹೇಗೆ?

ಕೆಟ್ಟುದನ್ನು ನೋಡಿ ನೆಟ್ಟಗಿರುವುದನ್ನು ತಿಳಿಯುವುದೇ ಇಲ್ಲಿಯ ಉಪಾಯ. ಅಮೆರಿಕೆಯ ಎಲಿಜಬೆತ್ ಜೋನ್ಸ್ ಎಂಬ ವಿದುಷಿಯು ೧೯೭೭ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾವು ಉದಾಹರಣೆಗೆ ತೆಗೆದುಕೊಳ್ಳೋಣ. ಜೀನಿನಲ್ಲಿ ಮಾರ್ಪಾಟು ಹೊಂದಿದ ತಳಿಗಳನ್ನು ಹುಡುಕಲು ಆಕೆಯು ಬಣ್ಣದ ಪರೀಕ್ಷೆಯನ್ನು ಬಳಸಿದಳು. ಯೀಸ್ಟಿನ ಗುಂಪುಗಳ ಮೇಲೆ ಒಂದು ರಾಸಾಯನಿಕ ದ್ರವ್ಯವನ್ನೂ ಬಣ್ಣ ಕೊಡುವ ವಸ್ತುವನ್ನೂ ಹರಡಿದರೆ, ಕಾರ್ಬಾಕ್ಸಿಪೆಪ್ಟಿಡೇಸ್ ಇರುವ ಗುಂಪು ಕೆಂಪಾಗುವುದು. ಅದಿಲ್ಲದ ಗುಂಪು ಕೆಂಪೇರದು. ಹೀಗೆ ೫೯ ತಳಿಗಳು ದೊರೆತುವು.

ಇವೆಲ್ಲವೂ ಒಂದೇ ಜೀನಿನ ದೋಷವೋ? ಇದನ್ನರಿಯಲು ಎರಡು ದೋಷಯುಕ್ತ ತಳಿಗಳನ್ನು ಕೂಡಿಸಬೇಕು. ಸಂತತಿಯಲ್ಲಿ ಕಿಣ್ವವು ಮರಳಿ ಕಂಡುಬಂದರೆ, ಒಂದರ ಕೊರತೆಯನ್ನು ಮತ್ತೊಂದು ತುಂಬಿತೆಂದೂ, ದೋಷಗಳು ಬೇರೆ ಬೇರೆ ಜೀನುಗಳಲ್ಲಿವೆಯೆಂದೂ ತಿಳಿಯುವೆವು. ಕಾಣದಿದ್ದರೆ ಎರಡರ ದೋಷವೂ ಒಂದೇ ಜೀನಿನದು. ಈ ಲೆಕ್ಕದಿಂದ ೫೯ ತಳಿಗಳು ೧೬ ಪಂಗಡಗಳಾದುವು.

ಆದರೆ ಇಲ್ಲಿ ಎಚ್ಚರವು ಅವಶ್ಯ. ಕಿಣ್ವವು ಕಾಣೆಯಾದ ಮಾತ್ರಕ್ಕೆ ಕೆಟ್ಟ ಜೀನು ಆ ಕಿಣ್ವದ್ದೇ ಎನ್ನಲಾಗದು. ‘ಪೆಪ್ ೪’ ಎಂಬ ಒಂದೇ ಜೀನು ಕೆಟ್ಟರೆ ಮೂರು ಕಿಣ್ವಗಳೂ ಕುಂದುವುವು. ೧೯೮೬ರಲ್ಲಿ ಆ ಜೀನನ್ನು ಬೇರ್ಪಡಿಸಿ ಓದಿದಾಗ ಅದು ಪ್ರೋಟೀನೇಸ್ ಎ ಕಿಣ್ವದ ಜೀನೆಂದು ತಿಳಿಯಿತು. ಉಳಿದೆರಡು ಕಿಣ್ವಗಳು ಮೊದಲು ನಿಷ್ಕ್ರಿಯ ರೂಪದಲ್ಲಿ ಹುಟ್ಟುತ್ತವೆ. ಅವುಗಳನ್ನು ಎಚ್ಚರಿಸುವ ಕಾರ್ಯವು ಪ್ರೋಟೀನೇಸ್ ಎ ಯಿಂದಲೇ ಆರಂಭವಾಗುವುದು. ಹಿರಿಯಳು ಏಳದಿದ್ದರೆ ಕಿರಿಯರೂ ಏಳರು!

ಇಂಥ ತಳಿಗಳು ಊಹೆಗಳನ್ನೂ ಒರೆಗೆ ಹಚ್ಚುವುವು. ಪ್ರೋಟೀನೇಸ್ ಬಿ ಇಲ್ಲದೆ ಕೋಶಗಳ ನಡುವಣ ಅಡ್ಡಗೋಡೆಯು ಕಟ್ಟಲ್ಪಡದೆಂದು ಪ್ರನಾಳದ ಪ್ರಯೋಗಗಳಿಂದ ಭಾವಿಸಿದ್ದರು. ಆ ಕಿಣ್ವವಿಲ್ಲದ ತಳಿಯು ಚೆನ್ನಾಗಿಯೇ ವಿಭಾಗ ಹೊಂದುವುದೆಂದು ೧೯೭೯ರಲ್ಲಿ ತೋರಿಬಂದಿತು. ಪ್ರನಾಳದಲ್ಲಿ ಸಾಧ್ಯವಾದುದೆಲ್ಲವೂ ಜೀವಿಯಲ್ಲಿ ನಡೆಯಲೇಬೇಕೆಂಬ ನಿಯಮವಿಲ್ಲ.

ಜಪಾನಿನ ಯೋಶಿನೋರಿ ಓಸುಮಿಯವರು ಇಂಥ ಕಿಣ್ವಹೀನ ಯೀಸ್ಟನ್ನೇ ಉಪವಾಸವಿರಿಸಿದರು. ಕೋಶವು ತನ್ನದೇ ಭಾಗಗಳನ್ನು ಸಣ್ಣ ಚೀಲಗಳಲ್ಲಿ ಕಟ್ಟಿ ರಸದಾನಿಗೆ ಒಯ್ದಿತು; ಕತ್ತರಿಸುವ ಕಿಣ್ವಗಳಿಲ್ಲದ್ದರಿಂದ ಅವು ಕರಗದೆ ರಾಶಿಬಿದ್ದು ಸೂಕ್ಷ್ಮದರ್ಶಕದಲ್ಲಿ ಕಾಣಿಸಿಕೊಂಡುವು. ೧೯೯೨ರಲ್ಲಿ ಪ್ರಕಟವಾದ ಈ ಶೋಧದಿಂದ ಬೆಳೆದ ಕಾರ್ಯಕ್ಕಾಗಿ ಅವರಿಗೆ ೨೦೧೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೆಂಪೇರದ ಗುಂಪನ್ನು ನಿರುಪಯೋಗಿಯೆಂದು ಎಸೆದಿದ್ದರೆ ಇಷ್ಟು ತಿಳಿವು ನಮಗೆ ಲಭಿಸುತ್ತಿದ್ದಿತೇ? ಕೊರತೆಯುಳ್ಳುದನ್ನು ತಾಳ್ಮೆಯಿಂದ ಪರೀಕ್ಷಿಸುವವರಿಗೆ ಅದೇ ಗುರುವಾಗುವುದು.